ಕಪ್ಪುಕಲ್ಲಿನ ಹೊಟ್ಟೆಯಲ್ಲಿ ಸಿಕ್ಕ ಹರಳು: ಹೆಸರು ಪತ್ತೆಹಚ್ಚುವುದು ಹೇಗೆ?

ಬಾವಿ ತೋಡುವಾಗ, ರಸ್ತೆಗೆಂದು ಗುಡ್ಡ ಕಡಿಯುವಾಗ, ಜಲ್ಲಿಗೆಂದು ಬಂಡೆ ಸಿಡಿಸುವಾಗ ಒಮ್ಮೊಮ್ಮೆ ಕಲ್ಲಿನೊಳಗೆ ಪೊಳ್ಳೊಂದು ತೆರೆದುಕೊಳ್ಳುತ್ತದೆ. ಅದರ ಗೋಡೆಯ ತುಂಬ ಬಿಳಿ, ಹಸಿರು, ತಿಳಿಗುಲಾಬಿ ಹರಳುಗಳು. ‘ವಜ್ರವಿರಬಹುದೇ?’ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ದಖ್ಖನ್ ಪ್ರಸ್ಥಭೂಮಿಯ ಕಪ್ಪುಕಲ್ಲಿನ ಮಟ್ಟಿಗೆ ಇದಕ್ಕೆ ಉತ್ತರ ಸ್ಪಷ್ಟ: ಅಲ್ಲ. ವಜ್ರ ಹುಟ್ಟುವುದು ಸುಮಾರು 150 ಕಿಲೋಮೀಟರ್ ಆಳದಲ್ಲಿ, ಅಪಾರ ಒತ್ತಡದಲ್ಲಿ. ಲಾವಾದ ಪೊಳ್ಳುಗಳಲ್ಲಿ ಅದು ಬೆಳೆಯುವುದಿಲ್ಲ. ಹಾಗಾದರೆ ಇದೇನು?

ಅಂತಾರಾಷ್ಟ್ರೀಯ ಖನಿಜವಿಜ್ಞಾನ ಸಂಘ ಮಾನ್ಯ ಮಾಡಿರುವ ಖನಿಜಗಳ ಸಂಖ್ಯೆ ಇಂದು 6000 ದಾಟಿದೆ. ಅಷ್ಟರಲ್ಲಿ ಒಂದನ್ನು ಹುಡುಕಬೇಕೆಂದರೆ ಯಾರಾದರೂ ಕೈಚೆಲ್ಲಿಯಾರು. ಆದರೆ ಹರಳು ಯಾವ ಕಲ್ಲಿನಲ್ಲಿ ಕೂತಿದೆ ಎಂಬುದು ತಿಳಿದರೆ ಸಾಕು, ನಿಜವಾಗಿ ಪರಿಗಣಿಸಬೇಕಾದ ಹೆಸರುಗಳು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಆದ್ದರಿಂದ ಹೆಸರು ತಿಳಿಯಬೇಕೆನ್ನುವವರು ಮಾಡಬಾರದ ಮೊದಲ ಕೆಲಸ ಎಂದರೆ ಹರಳನ್ನು ಕಿತ್ತು ಕಲ್ಲನ್ನು ಎಸೆದುಬಿಡುವುದು. ಅರ್ಧ ಗುರುತು ಆ ಕಲ್ಲಿನಲ್ಲೇ ಇರುತ್ತದೆ.

ಗುಳ್ಳೆಯಿಂದ ಹರಳಿನವರೆಗೆ

ಭಾರತದಲ್ಲಿ ಇಂಥ ಹರಳುಗಳಿಗೆ ಹೆಸರಾದ ನೆಲ ದಖ್ಖನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಪದರದ ಮೇಲೆ ಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಶಿಲೆ ಇದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ: ಮಹಾರಾಷ್ಟ್ರದ ಬಹುಭಾಗ, ಗುಜರಾತ್, ಮಧ್ಯಪ್ರದೇಶ, ತೆಲಂಗಾಣದ ಅಂಚು, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆ. ಉತ್ತರ ಕರ್ನಾಟಕದ ಎರೆಮಣ್ಣಿನ ಒಂದು ದೊಡ್ಡ ಪಾಲು ಈ ಕಲ್ಲು ಶಿಥಿಲಗೊಂಡು ಆದದ್ದು. ಗೋಳಗುಮ್ಮಟ ಎದ್ದು ನಿಂತಿರುವುದೂ ಇದೇ ಕಲ್ಲಿನಿಂದ.

ಕರಗಿದ ಲಾವಾದಲ್ಲಿ ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಸೇರಿರುತ್ತವೆ. ಅವು ಹೊರಬರಲು ಮೇಲಕ್ಕೆ ಏರುತ್ತಿರುವಾಗಲೇ ಲಾವಾ ಗಟ್ಟಿಯಾದರೆ ಗುಳ್ಳೆಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಪ್ರತಿ ಲಾವಾ ಪದರದ ಮೇಲ್ಭಾಗದಲ್ಲಿ ಪೊಳ್ಳುಗಳು ಹೆಚ್ಚು, ನಡುವಿನಲ್ಲಿ ಕಲ್ಲು ಗಟ್ಟಿ. ಸಾಸಿವೆ ಗಾತ್ರದಿಂದ ಹಿಡಿದು ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ಪೊಳ್ಳುಗಳೂ ಉಂಟು. ಬಳಿಕ ಬಿಸಿನೀರು ಬಿರುಕುಗಳಲ್ಲಿ ಇಳಿಯುತ್ತ, ಕಲ್ಲಿನಿಂದ ಸಿಲಿಕಾ, ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳನ್ನು ಕರಗಿಸಿಕೊಂಡು ಪೊಳ್ಳಿನ ಗೋಡೆಗೆ ಹರಳಾಗಿ ಬಿಡುತ್ತ ಹೋಗುತ್ತದೆ. ಇದೆಲ್ಲ ಲಾವಾ ಆರಿದ ಮರುದಿನವೇ ಮುಗಿಯುವ ಕೆಲಸವಲ್ಲ. ಕಲ್ಲು ಹುಟ್ಟಿ ಕೋಟ್ಯಂತರ ವರ್ಷಗಳ ನಂತರ ಬೆಳೆದ ಹರಳುಗಳೂ ಇದೇ ಪೊಳ್ಳುಗಳಲ್ಲಿವೆ.

ಬೆಳವಣಿಗೆಗೆ ಒಂದು ಸರದಿಯೂ ಇದೆ. ಗೋಡೆಗೆ ಅಂಟಿದಂತೆ ತೆಳ್ಳಗಿನ ಹಸಿರು ಜೇಡಿ ಖನಿಜ, ಅದರ ಮೇಲೆ ಅಗೇಟ್ ಅಥವಾ ಬೆಣಚು, ಆಮೇಲೆ ಜಿಯೊಲೈಟುಗಳು (ಒಳಗೆ ನೀರು ಹಿಡಿದಿಟ್ಟುಕೊಂಡ ಖನಿಜಗಳ ಗುಂಪು), ಅವುಗಳ ಮೇಲೆ ಅಪೊಫಿಲೈಟ್, ಕೊನೆಗೆ ಕ್ಯಾಲ್ಸೈಟ್: ಇದು ಸಾಮಾನ್ಯವಾಗಿ ಕಾಣುವ ಕ್ರಮ. ಎಲ್ಲ ಪೊಳ್ಳೂ ಇದನ್ನು ಪಾಲಿಸುವುದಿಲ್ಲ. ಆದರೂ ಯಾವ ಹರಳಿನ ಮೇಲೆ ಯಾವುದು ಕೂತಿದೆ ಎಂದು ನೋಡುವುದು ಗುರುತು ಹಿಡಿಯಲು ದೊಡ್ಡ ಸಹಾಯ. ಕಿತ್ತ ಬಿಡಿ ಹರಳಿನಲ್ಲಿ ಈ ಸುಳಿವು ಉಳಿಯುವುದಿಲ್ಲ.

ಬಣ್ಣ ಕೊನೆಗೆ

ಎಲ್ಲರೂ ಮೊದಲು ನೋಡುವುದು ಬಣ್ಣ; ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಬಸಾಲ್ಟಿನ ಪೊಳ್ಳಿನ ಬಹುತೇಕ ಖನಿಜಗಳು ಶುದ್ಧವಾಗಿದ್ದರೆ ಬಣ್ಣವಿಲ್ಲದವು ಅಥವಾ ಬಿಳಿ. ಅತ್ಯಲ್ಪ ಪ್ರಮಾಣದ ಬೆರಕೆ ಅವಕ್ಕೆ ಬಣ್ಣ ಕೊಡುತ್ತದೆ. ಪುಣೆ, ಜಳಗಾಂವ್ ಕಡೆಯ ಹಸಿರು ಅಪೊಫಿಲೈಟಿಗೆ ಹಸಿರು ಬಂದದ್ದು ವನೇಡಿಯಂನಿಂದ. ಅದೇ ಖನಿಜ ಪಕ್ಕದ ಪೊಳ್ಳಿನಲ್ಲಿ ನೀರಿನಷ್ಟು ತಿಳಿಯಾಗಿರುತ್ತದೆ. ಬೆಣಚು ನೇರಳೆಯಾಗಿ ಅಮೆಥಿಸ್ಟ್ ಅನ್ನಿಸಿಕೊಳ್ಳುವುದು ಕಬ್ಬಿಣದ ಅಂಶ ಮತ್ತು ನೆಲದೊಳಗಿನ ಸಹಜ ವಿಕಿರಣ ಎರಡೂ ಸೇರಿ.

ಮಾರುಕಟ್ಟೆಯ ಬಣ್ಣದ ಬಗ್ಗೆ ಇನ್ನೂ ಎಚ್ಚರ ಬೇಕು. ಕಣ್ಣು ಕುಕ್ಕುವ ಗುಲಾಬಿ, ಕಡುನೀಲಿ ಅಗೇಟ್ ಬಿಲ್ಲೆಗಳಿಗೆ ಬಣ್ಣ ಕುಡಿಸಿರುತ್ತಾರೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರುವ ಮಸೂರದಲ್ಲಿ ನೋಡಿದರೆ ಬಿರುಕುಗಳ ಉದ್ದಕ್ಕೆ ಬಣ್ಣ ಮಡುಗಟ್ಟಿರುವುದು ಕಾಣುತ್ತದೆ. ಆಭರಣದ ಅಂಗಡಿಯವರು ಬಳಸುವ ಅಂಥ ಮಸೂರವೊಂದು ಈ ಹವ್ಯಾಸಕ್ಕೆ ಸಾಕಾಗುವ ಬಂಡವಾಳ.

ಮುಖ, ಕೋನ, ಗೆರೆ

1669ರಲ್ಲಿ ಡೆನ್ಮಾರ್ಕಿನ ನಿಕೊಲಸ್ ಸ್ಟೆನೊ ಒಂದು ಸರಳ ಸತ್ಯವನ್ನು ಗುರುತಿಸಿದ. ಬೆಣಚಿನ ಹರಳು ಉದ್ದವಿರಲಿ, ಗಿಡ್ಡವಿರಲಿ, ಒಂದು ಮುಖ ದೊಡ್ಡದಾಗಿ ಇನ್ನೊಂದು ಚಿಕ್ಕದಾಗಿ ಬೆಳೆದಿರಲಿ, ಅದರ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ. ಒಳಗಿನ ಪರಮಾಣುಗಳ ಜೋಡಣೆ ಒಂದೇ ಆಗಿರುವುದರಿಂದ ಹೀಗೆ. ಹಾಗಾಗಿ ಹರಳಿನ ಹೊರ ಆಕಾರಕ್ಕೆ ಮರುಳಾಗದೆ ಕೋನವನ್ನು ಅಳೆಯಬೇಕು. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕವೂ ಸ್ಕೇಲೂ ಇದ್ದರೆ ದೊಡ್ಡ ಹರಳುಗಳ ಮಟ್ಟಿಗೆ ಕೆಲಸ ನಡೆಯುತ್ತದೆ.

ಚಾಬಜೈಟ್ ಎಂಬ ಜಿಯೊಲೈಟ್ ಒಳ್ಳೆಯ ಉದಾಹರಣೆ. ನೋಡಲು ಘನಾಕೃತಿಯೇ ಅನ್ನಿಸುತ್ತದೆ. ಅಳೆದರೆ ಅದರ ಕೋನ 90 ಡಿಗ್ರಿಗೆ ಬದಲು ಸುಮಾರು 94–95 ಡಿಗ್ರಿ ಬರುತ್ತದೆ. ಆ ನಾಲ್ಕೈದು ಡಿಗ್ರಿ ವಾಲಿಕೆಯೇ ಅದರ ಗುರುತು.

ಮುಖದ ಮೇಲಿನ ಗೆರೆಗಳನ್ನು ಬಹಳ ಜನ ಗಮನಿಸುವುದೇ ಇಲ್ಲ. ಹರಳನ್ನು ದೀಪದ ಕೆಳಗೆ ನಿಧಾನ ತಿರುಗಿಸಿದರೆ ಕೂದಲೆಳೆಯಂಥ ಗೆರೆಗಳು ಮಿನುಗುತ್ತವೆ. ಬೆಣಚಿನ ಪಕ್ಕದ ಮುಖಗಳಲ್ಲಿ ಅವು ಅಡ್ಡಲಾಗಿರುತ್ತವೆ, ಅಪೊಫಿಲೈಟಿನಲ್ಲಿ ಉದ್ದಕ್ಕೆ. ಈ ಒಂದು ವಿಷಯ ಗೊತ್ತಿದ್ದರೆ ಮುಂದೆ ಹೇಳುವ ಅತಿ ಸಾಮಾನ್ಯ ಗೊಂದಲ ಅರ್ಧ ತಪ್ಪುತ್ತದೆ.

ಗೀರಿ ನೋಡುವುದು, ಸೀಳನ್ನು ಗಮನಿಸುವುದು

ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾಪನ ಇಂದಿಗೂ ಬಳಕೆಯಲ್ಲಿದೆ: ಟಾಲ್ಕಿಗೆ 1, ವಜ್ರಕ್ಕೆ 10. ಯಾವುದು ಯಾವುದನ್ನು ಗೀರಬಲ್ಲದು ಎಂಬ ಸರದಿಯಷ್ಟೇ ಇದು. ಉಗುರು ಸುಮಾರು 2.5, ತಾಮ್ರದ ತಂತಿ 3ರ ಆಸುಪಾಸು, ಗಾಜು ಮತ್ತು ಚಾಕುವಿನ ಅಲಗು 5.5ರ ಆಸುಪಾಸು. ಬೆಣಚು 7, ಅಂದರೆ ಗಾಜನ್ನು ಸುಲಭವಾಗಿ ಗೀರುತ್ತದೆ. ಅಪೊಫಿಲೈಟ್ 4.5–5, ಜಿಯೊಲೈಟುಗಳಾದ ಸ್ಟಿಲ್ಬೈಟ್ ಮತ್ತು ಹ್ಯೂಲಾಂಡೈಟ್ 3.5–4, ಕ್ಯಾಲ್ಸೈಟ್ 3. ಇವೆಲ್ಲ ಚಾಕುವಿಗೆ ಬಗ್ಗುತ್ತವೆ.

ಗೀರುವುದನ್ನು ಹರಳಿನ ಚೆಂದದ ಮುಖದ ಮೇಲೆ ಮಾಡಬೇಡಿ; ಮುರಿದ ಅಂಚಿನಲ್ಲೋ ಉದುರಿದ ಚೂರಿನಲ್ಲೋ ಮಾಡಿ. ಗೀರಿದ ಜಾಗವನ್ನು ಒರೆಸಿ ಮಸೂರದಲ್ಲಿ ನೋಡುವುದು ಕಡ್ಡಾಯ. ಎಷ್ಟೋ ಸಲ ಗೀರಾದಂತೆ ಕಾಣುವುದು ಮೆತ್ತಗಿನ ವಸ್ತು ಬಿಟ್ಟ ಪುಡಿ ಮಾತ್ರ. ಸೂಜಿಯಂಥ ಹರಳುಗಳಿಗೆ ಈ ಪರೀಕ್ಷೆ ಒಗ್ಗುವುದಿಲ್ಲ. ಅವು ಗೀರುವ ಮೊದಲೇ ಮುರಿಯುತ್ತವೆ, ಮುರಿದದ್ದನ್ನು ಕಂಡು ಮೆತ್ತಗಿದೆ ಎಂದು ತಪ್ಪು ತಿಳಿಯುವ ಸಂಭವ ಹೆಚ್ಚು.

ಕಾಠಿಣ್ಯಕ್ಕಿಂತ ಹೆಚ್ಚು ಹೇಳುವುದು ಸೀಳು, ಅಂದರೆ ಹರಳು ನಿರ್ದಿಷ್ಟ ದಿಕ್ಕಿನಲ್ಲಿ ಸಪಾಟಾಗಿ ಒಡೆಯುವ ಗುಣ. ಕ್ಯಾಲ್ಸೈಟ್ ಮೂರು ದಿಕ್ಕಿನಲ್ಲಿ ಒಡೆಯುತ್ತದೆ, ಪ್ರತಿ ಚೂರೂ ವಾಲಿದ ಪೆಟ್ಟಿಗೆಯ ಆಕಾರ ತಾಳುತ್ತದೆ, ಕೋನಗಳು ಸುಮಾರು 75 ಮತ್ತು 105 ಡಿಗ್ರಿ. ತಿಳಿಯಾದ ಚೂರನ್ನು ಅಕ್ಷರದ ಮೇಲಿಟ್ಟರೆ ಒಂದು ಅಕ್ಷರ ಎರಡಾಗಿ ಕಾಣುತ್ತದೆ. ಬೆಣಚಿಗೆ ಸೀಳೇ ಇಲ್ಲ. ಒಡೆದ ಗಾಜಿನ ಹಾಗೆ ಬಾಗಿದ ಮೇಲ್ಮೈ ಬಿಡುತ್ತದೆ. ಅಪೊಫಿಲೈಟ್, ಸ್ಟಿಲ್ಬೈಟ್, ಹ್ಯೂಲಾಂಡೈಟ್ ಮೂರಕ್ಕೂ ಒಂದೊಂದೇ ದಿಕ್ಕಿನ ಚೊಕ್ಕ ಸೀಳಿದ್ದು, ಆ ಮೇಲ್ಮೈ ಮಾತ್ರ ಮುತ್ತಿನಂತೆ ಹೊಳೆಯುತ್ತದೆ, ಉಳಿದ ಮುಖಗಳು ಗಾಜಿನಂತೆ.

ಆಮ್ಲದ ಹನಿ, ಅಡುಗೆಮನೆಯ ತಕ್ಕಡಿ

ಕ್ಯಾಲ್ಸೈಟನ್ನು ಬೇರ್ಪಡಿಸಲು ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು. ಕೂಡಲೇ ಬುರುಗು ಬರುತ್ತದೆ. ಮನೆಯಲ್ಲಿ ಆ ಆಮ್ಲ ಇಟ್ಟುಕೊಳ್ಳಬೇಕಿಲ್ಲ. ಚೂರನ್ನು ಪುಡಿ ಮಾಡಿ ವಿನೆಗರ್ ಅಥವಾ ನಿಂಬೆರಸ ಹಾಕಿದರೂ ಗುಳ್ಳೆಗಳು ನಿಧಾನವಾಗಿ ಏಳುತ್ತವೆ. ಇಡೀ ಮಾದರಿಯ ಮೇಲೆ ಆಮ್ಲ ಸುರಿಯುವುದು ದೊಡ್ಡ ತಪ್ಪು. ಕ್ಯಾಲ್ಸೈಟಿನ ಹೊಳಪು ಹೋಗುತ್ತದೆ, ಕೆಲವು ಜಿಯೊಲೈಟುಗಳು ಪ್ರಬಲ ಆಮ್ಲದಲ್ಲಿ ಲೋಳೆಯಾಗಿಬಿಡುತ್ತವೆ.

ಸಾಂದ್ರತೆ ಅಳೆಯಲು ಗ್ರಾಂ ತೋರುವ ಡಿಜಿಟಲ್ ತಕ್ಕಡಿ ಇದ್ದರಾಯಿತು. ಮೊದಲು ಒಣ ಹರಳನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ಹರಳನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರುವುದು ಹರಳು ಸರಿಸಿದ ನೀರಿನ ತೂಕ. ಒಣ ತೂಕ 54.2 ಗ್ರಾಂ ಇದ್ದು, ಮುಳುಗಿಸಿದಾಗ 20 ಗ್ರಾಂ ಬಂದರೆ ಸಾಪೇಕ್ಷ ಸಾಂದ್ರತೆ 2.71, ಅಂದರೆ ಕ್ಯಾಲ್ಸೈಟಿನದು. ಬೆಣಚು 2.65. ಇವೆರಡರ ಅಂತರ ಮನೆಯ ತಕ್ಕಡಿಯ ನಿಖರತೆಗೆ ನಿಲುಕದಷ್ಟು ಚಿಕ್ಕದು. ಆದರೆ ಸ್ಟಿಲ್ಬೈಟ್, ಹ್ಯೂಲಾಂಡೈಟುಗಳು 2.2ರ ಸುತ್ತ, ಅಪೊಫಿಲೈಟ್ 2.3–2.4, ಇವು ಬೇರೆಯೆಂದು ಗೊತ್ತಾಗಿಯೇ ಆಗುತ್ತದೆ. ಹರಳಿಗೆ ಬಸಾಲ್ಟಿನ ತುಣುಕು ಅಂಟಿದ್ದರೆ ಲೆಕ್ಕ ಕೆಡುತ್ತದೆ. ಹಾಗೆಂದು ಅದನ್ನು ಕೀಳಬೇಡಿ, ಉದುರಿದ ಬಿಡಿ ಹರಳು ಸಿಕ್ಕಾಗ ಮಾತ್ರ ಈ ಪರೀಕ್ಷೆ ಮಾಡಿ.

ಒಂದನ್ನು ಕಂಡು ಇನ್ನೊಂದೆಂದುಕೊಳ್ಳುವುದು

ತಿಳಿಯಾದ, ಮೊನಚು ತುದಿಯ ಹರಳು ಕಂಡರೆ ಎಲ್ಲರೂ ಸ್ಫಟಿಕ, ಅಂದರೆ ಬೆಣಚು, ಎನ್ನುತ್ತಾರೆ. ದಖ್ಖನ್ ಟ್ರ್ಯಾಪಿನಲ್ಲಿ ಅದು ಅಪೊಫಿಲೈಟ್ ಆಗಿರುವ ಸಾಧ್ಯತೆ ಅಷ್ಟೇ ಇದೆ. ಪಕ್ಕದ ಮುಖಗಳನ್ನು ಎಣಿಸಿ: ಬೆಣಚಿಗೆ ಆರು, ಅಪೊಫಿಲೈಟಿಗೆ ನಾಲ್ಕು. ಗೆರೆಗಳ ದಿಕ್ಕು ನೋಡಿ. ತುದಿ ಮೊಂಡಾಗಿದ್ದರೆ ಆ ಸಪಾಟು ಮುಖದಲ್ಲಿ ಮುತ್ತಿನ ಹೊಳಪಿದೆಯೇ ಗಮನಿಸಿ. ಅಪೊಫಿಲೈಟ್ ಕೆಲವೊಮ್ಮೆ ಮೂಲೆಗಳನ್ನು ಕತ್ತರಿಸಿದ ಘನದಂತೆಯೂ ಬೆಳೆಯುತ್ತದೆ. ಆಗಲೂ ಒಂದು ಜೋಡಿ ಮುಖ ಮಾತ್ರ ಮುತ್ತಿನ ಹೊಳಪಿನದು. ಜಿಯೊಲೈಟುಗಳ ಜೊತೆಯಲ್ಲೇ ಸಿಗುವುದರಿಂದ ಇದನ್ನೂ ಜಿಯೊಲೈಟ್ ಎಂದು ಮಾರುವವರಿದ್ದಾರೆ. ರಚನೆಯಲ್ಲಿ ಇದು ಆ ಕುಟುಂಬಕ್ಕೆ ಸೇರಿಲ್ಲ.

ಸ್ಟಿಲ್ಬೈಟನ್ನು ಗುರುತಿಸುವುದು ಸುಲಭ ಮತ್ತು ಆನಂದದ ಕೆಲಸ. ಅದರ ತೆಳು ಹರಳುಗಳು ಒತ್ತಾಗಿ ಸೇರಿ, ನಡುವೆ ಬಿಗಿದು ಎರಡೂ ತುದಿಗೆ ಬಿಚ್ಚಿಕೊಂಡ ತೆನೆಯ ಸಿವುಡಿನಂತೆ ನಿಲ್ಲುತ್ತವೆ. ತಿಳಿಗುಲಾಬಿ, ಬಿಳಿ, ಕೆನೆಬಣ್ಣ. ಹ್ಯೂಲಾಂಡೈಟ್ ಇದರ ಬಂಧು, ಅದೇ ಕಾಠಿಣ್ಯ, ಅದೇ ಮುತ್ತಿನ ಹೊಳಪು. ಆದರೆ ಬಿಡಿಬಿಡಿಯಾಗಿ, ನಡು ಅಗಲ ತುದಿ ಕಿರಿದಾಗಿ ಬೆಳೆಯುತ್ತದೆ. 19ನೇ ಶತಮಾನದ ಆರಂಭದವರೆಗೆ ಖನಿಜತಜ್ಞರೇ ಇವೆರಡನ್ನು ಒಂದೆಂದು ಎಣಿಸಿದ್ದರು. ಜಿಯೊಲೈಟ್ ಎಂಬ ಗುಂಪಿಗೆ ಹೆಸರಿಟ್ಟವನು ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಟ್, 1756ರಲ್ಲಿ. ಊದುಕೊಳವೆಯ ಬೆಂಕಿಗೆ ಹಿಡಿದಾಗ ಆ ಕಲ್ಲು ಕುದಿಯುವಂತೆ ಉಬ್ಬಿದ್ದನ್ನು ಅವನು ಕಂಡ. ಹರಳಿನೊಳಗಿನ ನೀರು ಆವಿಯಾಗುವುದೇ ಅದಕ್ಕೆ ಕಾರಣ. ಈ ನೀರಿನಿಂದಾಗಿಯೇ ಲೌಮಂಟೈಟ್ ಎಂಬ ಜಿಯೊಲೈಟ್ ಒಣ ಗಾಳಿಯಲ್ಲಿಟ್ಟರೆ ನೀರು ಕಳೆದುಕೊಂಡು ಬೆಳ್ಳಗಾಗಿ ಪುಡಿಪುಡಿಯಾಗುತ್ತದೆ.

ಸೂಜಿಗಳ ವಿಷಯ ಕಠಿಣ. ಒಂದು ಬಿಂದುವಿನಿಂದ ಸುತ್ತಲೂ ಚಿಮ್ಮಿದಂಥ ಬಿಳಿ ಸೂಜಿಗೊಂಚಲು ಸ್ಕೊಲೆಸೈಟ್ ಇರಬಹುದು, ಮೆಸೊಲೈಟ್ ಇರಬಹುದು, ನಾಟ್ರೊಲೈಟ್ ಇರಬಹುದು. ಮೂರರ ವ್ಯತ್ಯಾಸ ಕ್ಯಾಲ್ಸಿಯಂ, ಸೋಡಿಯಂ ಪ್ರಮಾಣದಲ್ಲಿದೆ, ಕಣ್ಣಿಗೆ ಕಾಣುವುದಿಲ್ಲ. ನಾಸಿಕ್ ಸೀಮೆಯ ಸ್ಕೊಲೆಸೈಟ್ ಪ್ರಸಿದ್ಧವೆಂದ ಮಾತ್ರಕ್ಕೆ ನಿಮಗೆ ಸಿಕ್ಕಿದ್ದೂ ಅದೇ ಎನ್ನಲಾಗದು. ಇಲ್ಲಿ ಪ್ರಾಮಾಣಿಕ ಉತ್ತರ ‘ನಾಟ್ರೊಲೈಟ್ ಗುಂಪಿನ ಖನಿಜ’ ಎಂಬಷ್ಟೇ. ಪುರಾವೆ ಎಲ್ಲಿಗೆ ನಿಲ್ಲುತ್ತದೋ ಹೆಸರೂ ಅಲ್ಲಿಗೇ ನಿಲ್ಲಬೇಕು. ಸಂಗ್ರಾಹಕರಲ್ಲಿ ಈ ಶಿಸ್ತು ಇನ್ನೂ ಹೆಚ್ಚಬೇಕೆಂಬುದು ನನ್ನ ಅಭಿಪ್ರಾಯ.

ವಾಘೋಲಿಯ ನೀಲಿ

ಬಣ್ಣ ನಂಬಬೇಡಿ ಎಂಬ ಮಾತಿಗೆ ಒಂದು ಸುಂದರ ಅಪವಾದವಿದೆ. ಪುಣೆಯ ಪಕ್ಕದ ವಾಘೋಲಿಯ ಕಲ್ಲುಕ್ವಾರಿಗಳಲ್ಲಿ ಬಿಳಿ ಸ್ಟಿಲ್ಬೈಟಿನ ಮೇಲೆ ಕಡುನೀಲಿ ಗೊಂಚಲುಗಳಾಗಿ ಸಿಗುವ ಕ್ಯಾವನ್ಸೈಟ್ ಅದು. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕಾ ಸೇರಿದ ಖನಿಜ. 1973ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಮಾದರಿಗಳಿಂದ ಮೊದಲು ವಿವರಿಸಲಾಯಿತು. ಅಲ್ಲಿ ಸಿಕ್ಕಿದ್ದು ಅತ್ಯಲ್ಪ; ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ತುಂಬಿದ್ದು ವಾಘೋಲಿಯ ಹರಳು. ಬಸಾಲ್ಟಿನ ಪೊಳ್ಳಿನಲ್ಲಿ ಈ ನೀಲಿ ಕಂಡರೆ ಹೆಸರು ಬಹುಪಾಲು ಖಚಿತ. ಬಹುಪಾಲು ಎನ್ನಲು ಕಾರಣ ಪೆಂಟಗೊನೈಟ್: ಅದೇ ಕ್ವಾರಿ, ಅದೇ ನೀಲಿ, ಅದೇ ರಾಸಾಯನಿಕ ಸೂತ್ರ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಇದು ಕ್ಯಾವನ್ಸೈಟಿಗಿಂತ ವಿರಳ. ಸಾಮಾನ್ಯವಾಗಿ ಬಿಡಿ ಬಿಡಿ ಕಡ್ಡಿಗಳಾಗಿ, ಐದು ಮೂಲೆಯ ನಕ್ಷತ್ರದಂತೆ ಜೋಡಿಕೊಂಡು ಬೆಳೆಯುತ್ತದೆ.

ಈ ಖನಿಜಗಳು ಜನರ ಕಣ್ಣಿಗೆ ಬಿದ್ದದ್ದು ಬಹುತೇಕ ಬೇರೆ ಕೆಲಸದ ನಡುವೆ. ಮುಂಬೈ–ಪುಣೆ ರೈಲುಮಾರ್ಗಕ್ಕಾಗಿ 1856ರಿಂದ 1863ರವರೆಗೆ ಭೋರ್ ಘಾಟನ್ನು ಕಡಿದಾಗ ಒಳ್ಳೊಳ್ಳೆಯ ಜಿಯೊಲೈಟ್, ಅಪೊಫಿಲೈಟುಗಳು ಹೊರಬಂದವು. ಇಂದಿಗೂ ಹರಳನ್ನು ಮೊದಲು ಕಾಣುವವರು ಕ್ವಾರಿಯ ಕೂಲಿಕಾರರು, ಬಾವಿ ತೋಡುವವರು. ನಾಸಿಕ್ ಬಳಿಯ ಸಿನ್ನರಿನಲ್ಲಿ ಇರುವ ಗಾರ್ಗೋಟಿ ಖನಿಜ ಸಂಗ್ರಹಾಲಯದಲ್ಲಿ ದಖ್ಖನ್ನಿನ ಹರಳುಗಳನ್ನು ಒಟ್ಟಿಗೆ ನೋಡಬಹುದು. ಪುಸ್ತಕದ ಹತ್ತು ಚಿತ್ರಗಳಿಗಿಂತ ಅಂಥ ಒಂದು ನೋಟ ಹೆಚ್ಚು ಕಲಿಸುತ್ತದೆ.

ತುಂಗಭದ್ರೆಯ ಈಚೆಗೆ ಬೇರೆ ಲೋಕ

ಕರ್ನಾಟಕದ ಬಹುಭಾಗ ಬಸಾಲ್ಟ್ ಅಲ್ಲ; ಅತಿ ಪುರಾತನ ನೈಸ್, ಶಿಸ್ಟ್, ಗ್ರಾನೈಟ್. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಮೀರಿದ ವಯಸ್ಸು. ಇಲ್ಲಿ ಹರಳು ಪೊಳ್ಳಿನಲ್ಲಿ ಬೆಳೆದದ್ದಲ್ಲ, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಗಟ್ಟಿ ಕಲ್ಲಿನೊಳಗೇ ಮೂಡಿದ್ದು. ಹಾಗಾಗಿ ಹೆಸರುಗಳ ಪಟ್ಟಿಯೇ ಬದಲಾಗುತ್ತದೆ. ಅಭ್ರಕ ತುಂಬಿದ ಶಿಸ್ಟ್‌ನಲ್ಲಿ ಹನ್ನೆರಡು ಮುಖದ ಕೆಂಪು-ಕಂದು ಗುಂಡುಗಳು ಗಾರ್ನೆಟ್. ಹೊಳೆನರಸೀಪುರದ ಶಿಸ್ಟ್ ಪಟ್ಟಿಯಲ್ಲಿ ಸಿಗುವ ನೀಲಿ ಪಟ್ಟಿಯಂಥ ಕಯನೈಟಿಗೆ ವಿಚಿತ್ರ ಗುಣವೊಂದಿದೆ: ಉದ್ದಕ್ಕೆ ಗೀರಿದರೆ ಚಾಕು ನಾಟುತ್ತದೆ, ಅಡ್ಡಕ್ಕೆ ಗೀರಿದರೆ ಜಾರುತ್ತದೆ. ಹಳೆಯ ಮೈಸೂರು ಭಾಗದ ಆರು ಮೂಲೆಯ ಪೀಪಾಯಿ ಆಕಾರದ ಕೊರಂಡಂ ಬೆಣಚನ್ನೇ ಗೀರುತ್ತದೆ, ಅದರ ಕಾಠಿಣ್ಯ 9.

ಹಳದಿ ಮಿಂಚು ಕಂಡು ಚಿನ್ನ ಎಂದುಕೊಳ್ಳುವವರಿಗೆ ಎರಡೇ ಮಾತು. ಪೈರೈಟನ್ನು ಸೂಜಿಯಿಂದ ಒತ್ತಿದರೆ ಪುಡಿಯಾಗುತ್ತದೆ, ಮೆರುಗಿಲ್ಲದ ಬಿಳಿ ಟೈಲ್ಸ್ ಹಿಂಬದಿಗೆ ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು ಗೆರೆ ಬಿಡುತ್ತದೆ. ಚಿನ್ನ ಒತ್ತಿದರೆ ಚಪ್ಪಟೆಯಾಗುತ್ತದೆ, ಗೆರೆಯೂ ಹಳದಿ.

ಎಳೆಗಳಿದ್ದರೆ ಎಚ್ಚರ

ನಾರಿನಂಥ, ಕೂದಲಿನಂಥ ಖನಿಜವನ್ನು ಉಜ್ಜಬೇಡಿ, ಊದಬೇಡಿ, ಪುಡಿ ಮಾಡಬೇಡಿ. ದಖ್ಖನ್ನಿನ ಒಕೆನೈಟ್ ಬಿಳಿ ಎಳೆಗಳ ಉಂಡೆ. ಮುಟ್ಟಿದರೆ ಎಳೆಗಳು ಮಲಗಿ ಮಾದರಿ ಕೆಡುತ್ತದೆ. ಕೆಲವು ಎಳೆಗಳು ಜೀವಕ್ಕೇ ಅಪಾಯ. ಕಲ್ನಾರಿನ ವಿಷಯ ಎಲ್ಲರಿಗೂ ಗೊತ್ತು. ಎರಿಯೊನೈಟ್ ಎಂಬ ನಾರಿನಂಥ ಜಿಯೊಲೈಟ್ ಟರ್ಕಿಯ ಕಪಡೋಕಿಯಾ ಪ್ರದೇಶದ ಕರಾಯಿನ್ ಮೊದಲಾದ ಹಳ್ಳಿಗಳಲ್ಲಿ, ಮನೆ ಕಟ್ಟಿದ ಕಲ್ಲಿನಿಂದಲೇ ಗಾಳಿಗೆ ಸೇರಿ, ಶ್ವಾಸಕೋಶದ ಹೊದಿಕೆಯ ಕ್ಯಾನ್ಸರಿಗೆ ಅನೇಕರನ್ನು ಬಲಿ ತೆಗೆದುಕೊಂಡಿದೆ. ಗುರುತು ತಿಳಿಯದ ಎಳೆಯ ಖನಿಜವನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಮಕ್ಕಳ ಕೈಗೆ ಕೊಡಬೇಡಿ.

ಕೊನೆಯ ಮಾತು ಯಂತ್ರದ್ದು

ಕಣ್ಣು, ಚಾಕು, ತಕ್ಕಡಿ ಸೋತಲ್ಲಿ ಪ್ರಯೋಗಾಲಯ. 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಪ್ರಯೋಗ ಹರಳಿನೊಳಗಿನ ಪರಮಾಣುಗಳ ಸಾಲಿನಿಂದ ಎಕ್ಸ್-ಕಿರಣ ಚದುರುವುದನ್ನು ತೋರಿಸಿತು. ಬ್ರ್ಯಾಗ್ ತಂದೆ-ಮಗ ಅದರಿಂದ ರಚನೆ ಓದುವ ದಾರಿ ಕಂಡುಹಿಡಿದು 1915ರ ನೊಬೆಲ್ ಪಡೆದರು. ಇಂದು ಚಿಟಿಕೆ ಪುಡಿಯಿಂದ ಖನಿಜದ ಹೆಸರು ತಿಳಿಯುವ ಎಕ್ಸ್-ಕಿರಣ ವಿವರ್ತನೆ ಇದರದೇ ಫಲ. ಪುಡಿಯೂ ಬೇಡವೆಂದರೆ ರಾಮನ್ ರೋಹಿತವಿದೆ: ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನ ತರಂಗಾಂತರ ಎಷ್ಟು ಬದಲಾಯಿತೆಂದು ಅಳೆದು, ಗೊತ್ತಿರುವ ಖನಿಜಗಳ ದಾಖಲೆಯೊಡನೆ ಹೋಲಿಸುತ್ತಾರೆ. ಕ್ಯಾವನ್ಸೈಟ್, ಪೆಂಟಗೊನೈಟುಗಳಂಥ ಒಂದೇ ಸೂತ್ರದ ಜೋಡಿಯನ್ನೂ ಇದು ಬೇರ್ಪಡಿಸುತ್ತದೆ. 1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡ ಪರಿಣಾಮವೇ ಇದರ ಬೇರು. ರಾಮನ್ ಸ್ವತಃ ಹರಳುಗಳ ಮೋಹಿ. ಬೆಂಗಳೂರಿನಲ್ಲಿ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಹಾಕಿದ ಖನಿಜ, ರತ್ನಗಳ ಸಂಗ್ರಹವಿದೆ.

ಎಲ್ಲರಿಗೂ ಈ ಯಂತ್ರ ಕೈಗೆಟಕದು. ಸಮೀಪದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಹರಳನ್ನು ಕಲ್ಲಿನ ಸಮೇತ ಒಯ್ದು ತೋರಿಸಿ. ಮೇಲಿನ ಪರೀಕ್ಷೆಗಳಲ್ಲಿ ನೀವು ಕಂಡದ್ದನ್ನು ಬರೆದು ಒಯ್ದರೆ ಅವರ ಕೆಲಸ ಅರ್ಧ ಮುಗಿದಂತೆ. ಫೋಟೋ ಮಾತ್ರ ಕಳಿಸುವುದಾದರೆ ಹತ್ತಿರದಿಂದ ಒಂದು, ಇಡೀ ಕಲ್ಲು ಕಾಣುವಂತೆ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ತೆಗೆಯಿರಿ.

ಚೀಟಿ ಬರೆಯಿರಿ

ಕ್ವಾರಿಗೆ ಹೋಗುವುದಾದರೆ ಮಾಲೀಕರ ಅನುಮತಿ ಪಡೆದು, ಸಿಡಿತದ ಹೊತ್ತು ತಪ್ಪಿಸಿ ಹೋಗಿ. ಅಜಂತಾ, ಎಲ್ಲೋರಾ ಗುಹೆಗಳ ಗೋಡೆಗಳೂ ಇದೇ ಬಸಾಲ್ಟ್. ಅಂಥ ಸಂರಕ್ಷಿತ ತಾಣದಲ್ಲಿ ಒಂದು ಚೂರನ್ನೂ ಮುಟ್ಟಬಾರದು. ಮನೆಗೆ ತಂದ ಪ್ರತಿ ಮಾದರಿಯ ಜೊತೆ ಒಂದು ಚೀಟಿ ಇರಲಿ: ಊರು, ತಾಲ್ಲೂಕು, ಕ್ವಾರಿ ಅಥವಾ ಬಾವಿ, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ದಿನ, ಸುತ್ತ ಯಾವ ಹರಳುಗಳಿದ್ದವು. ಖನಿಜದ ಹೆಸರನ್ನು ಐವತ್ತು ವರ್ಷದ ನಂತರವೂ ಪರೀಕ್ಷಿಸಿ ತಿಳಿಯಬಹುದು, ಸಿಕ್ಕ ಜಾಗವನ್ನು ಮಾತ್ರ ನಿಮ್ಮನ್ನು ಬಿಟ್ಟರೆ ಬೇರಾರೂ ಹೇಳಲಾರರು. ಹೆಸರು ಗೊತ್ತಾಗುವ ತನಕ ಕಾಯದೆ ಆ ಚೀಟಿಯನ್ನು ಇವತ್ತೇ ಬರೆದಿಡಿ.